ತಡಸದ ಮಸಾರಿಗೆ ವೈನ್ ದ್ರಾಕ್ಷಿ ಬೇಕೆ?

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ತಡಸ ಕ್ರಾಸಿಗೆ ಬಂದರೆ ಭೂಮಿಯ ಬಣ್ಣ ಎರಡಾಗುತ್ತದೆ. ಮೂಡಣಕ್ಕೆ ಕುಂದಗೋಳ, ಸವಣೂರಿನತ್ತ ಎರೆ. ಪಡುವಣಕ್ಕೆ ಮುಂಡಗೋಡದ ದಾರಿಯಲ್ಲಿ ಮಸಾರಿ. ಗೋವಿನಜೋಳ, ಭತ್ತ, ನಡುನಡುವೆ ಮಾವಿನ ತೋಪು. ಇನ್ನೂ ದಕ್ಷಿಣಕ್ಕೆ ಹಾನಗಲ್ಲ ತಾಲೂಕಿಗೆ ಇಳಿದರೆ ಆಪೂಸ್ ಮಾವಿನ ಸೀಮೆಯೇ ಸಿಗುತ್ತದೆ. ಈ ಮಸಾರಿ ಹೊಲಗಳವರಲ್ಲಿ ಒಂದು ಪ್ರಶ್ನೆ ಆಗಾಗ ತಲೆಯೆತ್ತುತ್ತದೆ: ಮಾವಿನಲ್ಲಿ ಏನೂ ಗಿಟ್ಟುತ್ತಿಲ್ಲ, ಮರ ತೆಗೆದು ವೈನ್ ದ್ರಾಕ್ಷಿ ಹಚ್ಚಿದರೆ ಹೇಗೆ? ನಾಸಿಕದವರು ಮಾಡಿದರು, ನಂದಿ ಬೆಟ್ಟದವರು ಮಾಡಿದರು, ನಾವೇಕೆ ಮಾಡಬಾರದು?

ಕೇಳಬೇಕಾದ ಪ್ರಶ್ನೆಯೇ. ಆದರೆ ಮರಕ್ಕೆ ಕೊಡಲಿ ಹಾಕುವ ಮೊದಲು ವೈನ್ ಸೀಮೆಗಳು ಹೇಗೆ ಹುಟ್ಟಿದವು, ಯಾವುವು ಉಳಿದವು, ಯಾವುವು ಸೊರಗಿದವು ಎಂಬುದನ್ನು ನೀವು ತಿಳಿದಿರಬೇಕು. ಬೆಳೆದ ಮಾವಿನ ಮರವನ್ನು ಮತ್ತೆ ಬೆಳೆಸಲು ಹದಿನೈದು ವರ್ಷ ಬೇಕು.

ಕುಡಿತದ ವಿಷಯ ಈ ಪುಟದಲ್ಲಿ ಏಕೆ ಎಂದು ಕೆಲವರು, ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳು, ಕೇಳಬಹುದು. ಕೇಳುವುದು ನ್ಯಾಯವೇ. 2007ರಲ್ಲಿ ನಮ್ಮ ರಾಜ್ಯದಲ್ಲಿ ಎರಡು ಕೆಲಸಗಳು ಒಂದೇ ವರ್ಷ ನಡೆದವು. ಜುಲೈ 1ರಿಂದ ಸಾರಾಯಿ ನಿಷೇಧವಾಯಿತು; ಅದೇ ವರ್ಷ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಹೊರಬಿತ್ತು. ಒಂದು ಕೈಯಲ್ಲಿ ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದಂತೆ ತೋರುವುದು ಸಹಜ. ಕುಡಿಯಬೇಕೆ ಬೇಡವೆ ಎಂಬುದನ್ನು ಹೇಳುವುದು ಈ ಲೇಖನದ ಕೆಲಸವಲ್ಲ. ಹಣ್ಣು ಬೆಳೆಯುವವನಿಗೆ ಇದರಿಂದ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಹೆಸರಿಗೇ ಬೆಲೆ

ಜೋಳ ಎಲ್ಲಿ ಬೆಳೆದರೂ ಜೋಳ. ಪೇಟೆಯಲ್ಲಿ ಅದರ ತೂಕ ನೋಡುತ್ತಾರೆ, ತೇವ ನೋಡುತ್ತಾರೆ, ಬೆಲೆ ಕೂಗುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಮಾತು ಬೇರೆ. ಅಲ್ಲಿ ಊರಿನ ಹೆಸರಿಗೇ ಒಂದು ಬೆಲೆಯಿದೆ, 2011ರಿಂದ ಆ ಹೆಸರಿಗೆ ಭೌಗೋಳಿಕ ಸೂಚಕದ (ಜಿ.ಐ.) ಕಾನೂನಿನ ರಕ್ಷಣೆಯೂ ಇದೆ. ಸಣ್ಣ ಪ್ರಮಾಣದಲ್ಲಿ ತಯಾರಾಗಿ ದೊಡ್ಡ ಬೆಲೆಗೆ ಹೋಗುವ ವೈನುಗಳೆಲ್ಲ ಈ ಬ್ಯಾಡಗಿ ಜಾತಿಯವು. ಬಾಟಲಿಯ ಮೇಲಿನ ಚೀಟಿಯಲ್ಲಿ ಊರಿನ ಹೆಸರು ಇರುತ್ತದೆ, ಯಾವ ವರ್ಷದ ಸುಗ್ಗಿ ಎಂದು ಇರುತ್ತದೆ, ಎಷ್ಟೋ ಸಲ ಯಾವ ತೋಟ ಎಂಬುದೂ ಇರುತ್ತದೆ. ಕೊಳ್ಳುವವನು ಹಣ ಕೊಡುವುದು ಆ ಹೆಸರಿಗೆ.

ಈಗ ನಮ್ಮ ಆಪೂಸಿನ ಕಥೆ ನೋಡಿ. ಹಾನಗಲ್ಲ, ಶಿಗ್ಗಾಂವ, ಧಾರವಾಡದ ಆಪೂಸ್ ಲಾರಿ ಹತ್ತಿ ಪುಣೆ, ಮುಂಬಯಿ ಸೇರುತ್ತದೆ. ಅಲ್ಲಿ ರತ್ನಾಗಿರಿಯ ಪೆಟ್ಟಿಗೆಯಲ್ಲಿ ಕರ್ನಾಟಕದ ಹಣ್ಣು ಸೇರಿಸಿ ಮಾರುತ್ತಾರೆಂಬ ದೂರು ಪ್ರತಿ ಹಂಗಾಮಿನಲ್ಲೂ ಕೇಳಿಬರುತ್ತದೆ. 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲಘರ ಜಿಲ್ಲೆಗಳ ಆಪೂಸಿಗೆ ಭೌಗೋಳಿಕ ಸೂಚಕ ದೊರೆಯಿತು. ಅಲ್ಲಿಂದ ಮುಂದೆ ಹಾಪೂಸ್ ಎಂಬ ಹೆಸರಿನ ಮೇಲಿನ ಹಕ್ಕು ಕೊಂಕಣದವರದಾಯಿತು. ನಮ್ಮ ಹಣ್ಣು ಅದೇ ಕಸಿಯದು, ಆದರೆ ಊರಿನ ಹೆಸರಿಲ್ಲದೆ ಬರಿಯ ಕರ್ನಾಟಕದ ಮಾಲಾಗಿ ಕಡಿಮೆ ದರಕ್ಕೆ ಹೋಗುತ್ತದೆ. ನಮ್ಮ ನಷ್ಟ ಇಳುವರಿಯಲ್ಲಿ ಅಷ್ಟಿಲ್ಲ, ಇರುವುದು ಹೆಸರಿನಲ್ಲಿ. ಈ ಮಾತನ್ನು ಇಲ್ಲಿಗೆ ಹಿಡಿದಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಂದಿಯ ತಪ್ಪಲು, ಹಂಪಿಯ ಬಂಡೆ

ನಮ್ಮ ರಾಜ್ಯದಲ್ಲಿ ಫ್ರೆಂಚ್ ತಳಿಗಳಿಂದ ವೈನ್ ಮಾಡುವ ಕೆಲಸಕ್ಕೆ ಬುನಾದಿ ಬಿದ್ದದ್ದು ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಸೀಮೆಯಲ್ಲಿ. ಕನ್ವಲ್ ಗ್ರೋವರ್ ಎಂಬ ಉದ್ಯಮಿ, ಫ್ರಾನ್ಸಿನ ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜೊತೆಗಿಟ್ಟುಕೊಂಡು, ವರ್ಷಗಟ್ಟಲೆ ಮಣ್ಣು ಹವೆಗಳನ್ನು ಹುಡುಕಿ, ತಳಿಗಳನ್ನು ಹಚ್ಚಿ ನೋಡಿ, ಕೊನೆಗೆ ಆ ಜಾಗವನ್ನು ಆರಿಸಿದರು. ತೋಟ ಎದ್ದದ್ದು 1980ರ ದಶಕದಲ್ಲಿ. ಮೊದಲ ವೈನ್ ಪೇಟೆಗೆ ಬಂದದ್ದು 1992ರ ಹೊತ್ತಿಗೆ. ನಡುವಿನ ವರ್ಷಗಳಲ್ಲಿ ಬರಿಯ ಖರ್ಚು. ಕೈಯಲ್ಲಿ ಬೇರೆ ಉದ್ಯಮವಿದ್ದವರು ಅಷ್ಟು ಕಾಯಬಲ್ಲರು. ಸಂಘದ ಸಾಲ ಮಾರ್ಚಿಗೆ ತುಂಬಬೇಕಾದವರು ಕಾಯಲಾರರು.

ಅಲ್ಲಿ ಆ ಬಳ್ಳಿ ಏಕೆ ಒಗ್ಗಿತು? ಜಾಗ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ್ದು. ಹಗಲು ಬಿಸಿಲಿದ್ದರೂ ರಾತ್ರಿ ತಂಪು. ರಾತ್ರಿ ತಂಪಿದ್ದರೆ ಹಣ್ಣಿನಲ್ಲಿ ಸಕ್ಕರೆ ಏರುವಾಗಲೂ ಹುಳಿ ಪೂರಾ ಇಳಿದುಹೋಗುವುದಿಲ್ಲ. ವೈನಿಗೆ ಈ ಹುಳಿಯೇ ಜೀವ. ಬರಿಯ ಸಿಹಿ ಹಣ್ಣಿನ ವೈನ್ ಸಪ್ಪೆಯಾಗಿ ಬೇಗ ಕೆಡುತ್ತದೆ. ಇದಲ್ಲದೆ ಮಣ್ಣು ಕೆಂಪು, ನೀರು ನಿಲ್ಲುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಸಾಲಿನಲ್ಲಿ ಎದ್ದಿರುವ ‘ಕ್ರಸ್ಮಾ’ ಎಂಬ ಸಣ್ಣ ವೈನರಿಯದು ಇನ್ನೊಂದು ಬಗೆ. ಕೃಷ್ಣ ಮತ್ತು ಉಮಾ ಎಂಬ ದಂಪತಿಯ ಹೆಸರುಗಳು ಕೂಡಿ ಆ ಹೆಸರಾಗಿದೆ. ಅಲ್ಲಿ ಬಿಸಿಲೇ ಬಿಸಿಲು, ಮಳೆ ಕಡಿಮೆ, ಬಂಡೆಗಲ್ಲು ಪುಡಿಯಾದ ಗರಸು ನೆಲ. ಜೋಳ ಬಿತ್ತುವವನು ಬೇಡವೆನ್ನುವ ಭೂಮಿ. ಆ ಬಡ ಭೂಮಿಯಲ್ಲಿ ಬಳ್ಳಿ ಸೊಕ್ಕದೆ ಕಡಿಮೆ ಕಾಯಿ ಬಿಡುತ್ತದೆ. ಕಡಿಮೆ ಕಾಯಿಯಲ್ಲಿ ಸತ್ವ ಹೆಚ್ಚು. ಅಲ್ಲಿನ ಕೆಂಪು ವೈನುಗಳಿಗೆ ಹೆಸರು ಬಂದಿದೆ. ಆದರೆ ಆ ತೋಟದ ಹಣ್ಣು ಆ ವೈನರಿಗೇ ಸೇರುತ್ತದೆ, ಮಾಡುವವರೂ ಮಾರುವವರೂ ಅವರೇ. ಸುತ್ತಲಿನ ನೂರು ರೈತರಿಗೆ ಅದು ಬೆಳೆಯಾಗಿ ಹಬ್ಬಿದ್ದಲ್ಲ.

ಇಲ್ಲಿ ಒಂದು ಕೆಲಸದ ಮಾತನ್ನೂ ಹೇಳಿಬಿಡಬೇಕು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಚಾಟ್ನಿ ಮಾಡುತ್ತಾರೆ. ಬೇಸಿಗೆಯ ಏಪ್ರಿಲ್ ಸುಮಾರಿಗೆ ಒಮ್ಮೆ ಕಡ್ಡಿ ಬೆಳೆಸಲಿಕ್ಕೆ; ಸಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹಣ್ಣಿಗೆ. ಕೊಯ್ಲು ಫೆಬ್ರುವರಿ-ಮಾರ್ಚಿಗೆ. ಅಕ್ಟೋಬರ್ ಚಾಟ್ನಿಯ ನಂತರ ಚಿಗುರು, ಹೂವು ಬರುವ ನಲವತ್ತು-ಐವತ್ತು ದಿನ ಬಹು ನಾಜೂಕು. ಆಗ ಹಿಂಗಾರಿ ಮಳೆ ಹಿಡಿದುಕೊಂಡರೆ, ಇಲ್ಲವೆ ಮುಂಜಾನೆ ಮಂಜು ಎಲೆಯ ಮೇಲೆ ಹೊತ್ತೇರುವವರೆಗೆ ನಿಂತರೆ, ಎಲೆಯಡಿ ಬಿಳಿ ಬೂಜು ಕಟ್ಟಿ ಬೂಜು ತುಪ್ಪಟ ರೋಗ ಗೊನೆಯನ್ನೇ ತಿಂದುಹಾಕುತ್ತದೆ. ವಿಜಯಪುರದ ಒಣ ಹವೆಯಲ್ಲೂ ಈ ದಿನಗಳಲ್ಲಿ ರೈತ ಸಿಂಪರಣೆಯ ಪಂಪು ಇಳಿಸುವುದಿಲ್ಲ. ತಡಸದಿಂದ ಪಡುವಣಕ್ಕೆ ಹೋದಷ್ಟೂ ಮಳೆ ಏರುತ್ತದೆ, ಕಾಡಿನ ತೇವ ಹೆಚ್ಚುತ್ತದೆ. ದ್ರಾಕ್ಷಿ ಬಾರದೆಂದಲ್ಲ. ಬರುತ್ತದೆ, ಆದರೆ ಔಷಧದ ಖರ್ಚು ಕೈ ಹಿಡಿದು ಬರುತ್ತದೆ.

ಯಾರೂ ತಿನ್ನದ ದ್ರಾಕ್ಷಿ

ಹವೆಗಿಂತ ದೊಡ್ಡ ಅಪಾಯ ಪೇಟೆಯಲ್ಲಿದೆ. ವೈನ್ ದ್ರಾಕ್ಷಿಯ ಕಾಯಿ ಸಣ್ಣದು, ಬೀಜ ದೊಡ್ಡದು, ಸಿಪ್ಪೆ ದಪ್ಪ. ಕಾಬರ್ನೆ, ಷಿರಾಜ್ ಎಂದು ಹೆಸರು ಎಷ್ಟೇ ದೊಡ್ಡದಿದ್ದರೂ ಸಂತೆಯಲ್ಲಿ ಬುಟ್ಟಿ ಇಟ್ಟರೆ ಕೊಳ್ಳುವವರಿಲ್ಲ. ಒಣಗಿಸಿದರೆ ಬೀಜದ ಮನೂಕ ಯಾರಿಗೂ ಬೇಡ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ರೈತ ಥಾಮ್ಸನ್ ಬೆಳೆಯುತ್ತಾನೆ. ಹಸಿ ಹಣ್ಣಿಗೆ ದರ ಬಿದ್ದರೆ ಶೆಡ್ಡಿನಲ್ಲಿ ಹರವಿ ಮನೂಕ ಮಾಡಿ ಶೀತಲಗೃಹಕ್ಕೆ ಹಾಕಿ ಕಾಯುತ್ತಾನೆ. ಅವನಿಗೆ ಎರಡು ಬಾಗಿಲು. ವೈನ್ ದ್ರಾಕ್ಷಿಯವನಿಗೆ ಒಂದೇ ಬಾಗಿಲು, ಅದರ ಕೀಲಿ ವೈನರಿಯವನ ಕೈಯಲ್ಲಿ.

ಆ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು ಮಹಾರಾಷ್ಟ್ರದ ರೈತರು ಕಂಡಿದ್ದಾರೆ. ನಾಸಿಕ ಸೀಮೆಯಲ್ಲಿ 2000ದ ಈಚೆಗೆ ವೈನಿನ ಅಲೆ ಎದ್ದಾಗ ಸಣ್ಣ ಸಣ್ಣ ವೈನರಿಗಳು ಅಣಬೆಯಂತೆ ಹುಟ್ಟಿದವು. ಸಾವಿರಾರು ಎಕರೆಗೆ ವೈನ್ ಬಳ್ಳಿ ಹಬ್ಬಿತು. 2008ರಲ್ಲಿ ಜಗತ್ತಿನಲ್ಲೆಲ್ಲ ವ್ಯಾಪಾರ ಕುಸಿಯಿತು. ಅದೇ ವರ್ಷ ಮುಂಬಯಿಯ ಮೇಲೆ ದಾಳಿಯಾಗಿ ಹೋಟೆಲುಗಳಿಗೆ ಬರುವ ಪ್ರವಾಸಿಗಳು ಕಡಿಮೆಯಾದರು. ವೈನ್ ಟಾಕಿಗಳಲ್ಲೇ ಉಳಿಯಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಹಲವು ವೈನರಿಗಳು ಬಾಗಿಲು ಹಾಕಿದವು, ಉಳಿದವು ಖರೀದಿ ಇಳಿಸಿದವು. ರೈತರು ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿಗೆ ತಿರುಗಿದರು. ಕಂಬ, ತಂತಿ, ಹನಿ ನೀರಾವರಿಗೆ ಎಕರೆಗೆ ಲಕ್ಷಗಟ್ಟಲೆ ಸುರಿದವರ ಮಾತಿದು. ಸೂಲಾದಂಥ ದೊಡ್ಡ ಕಂಪನಿಗಳು ಆ ಬಿರುಗಾಳಿಯಲ್ಲಿ ನಿಂತವು, ಇಂದಿಗೂ ನಿಂತಿವೆ. ಆದರೆ ದೊಡ್ಡವರು ಉಳಿದರೆಂಬುದು ಸಣ್ಣವರಿಗೆ ಸಮಾಧಾನವಲ್ಲ.

ಇನ್ನೊಂದು ಅಂಶ. ಒಳ್ಳೆಯ ವೈನ್ ಬೇಕೆಂದರೆ ಎಕರೆಗೆ ನಾಲ್ಕೈದು ಟನ್ನಿಗಿಂತ ಹೆಚ್ಚು ಹಣ್ಣು ಬಿಡಬಾರದೆಂದು ಕಂಪನಿಯವರು ಕರಾರು ಹಾಕುತ್ತಾರೆ. ಅಂದರೆ ಹಸಿರು ಗೊನೆಯನ್ನೇ ಕತ್ತರಿಸಿ ನೆಲಕ್ಕೆ ಹಾಕಬೇಕು. ಕಷ್ಟಪಟ್ಟು ಬೆಳೆದದ್ದನ್ನು ಕೈಯಾರೆ ಕೆಡವುವುದು ನಮ್ಮ ರೈತನ ಮನಸ್ಸಿಗೆ ಒಗ್ಗುವ ಕೆಲಸವಲ್ಲ. ದರ ಕಿಲೋ ಲೆಕ್ಕದಲ್ಲೇ ಇದ್ದು, ತೂಕ ಇಳಿಸು ಎಂದರೆ ಯಾರು ತಾನೆ ಒಪ್ಪುತ್ತಾರೆ?

ಬೆಂಗಳೂರು ನೀಲಿ ಮತ್ತು ಅದರ ಪರದೇಶದ ನೆಂಟ

ಹಾಗಾದರೆ ಸಣ್ಣ ರೈತನಿಗೆ ಒಗ್ಗಿದ ವೈನ್ ಹಣ್ಣೇ ಇಲ್ಲವೆ? ಇದೆ. ಅದು ನೀವು ಜಾತ್ರೆಯಲ್ಲಿ ಕೊಂಡು ತಿಂದಿರುವ ಕಪ್ಪು ದ್ರಾಕ್ಷಿ, ಬೆಂಗಳೂರು ನೀಲಿ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸುಮಾರು ನೂರೈವತ್ತು ವರ್ಷಗಳಿಂದ ಬೆಳೆಯುತ್ತಿರುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ತಿನ್ನಲಿಕ್ಕೆ ಆಗುತ್ತದೆ, ರಸಕ್ಕೆ ಆಗುತ್ತದೆ, ಸಿಹಿ ಕೆಂಪು ವೈನಿಗೂ ಆಗುತ್ತದೆ. ಗೋವೆಯಲ್ಲಿ ‘ಪೋರ್ಟ್’ ಎಂದು ಮಾರುವ ಸಿಹಿ ವೈನಿಗೆ ಇದೇ ಹಣ್ಣು ಲಾರಿಗಟ್ಟಲೆ ಹೋಗುತ್ತದೆ. ಬಾಗಿಲು ಮೂರಿದ್ದರೆ ಒಂದು ಮುಚ್ಚಿದಾಗ ರೈತ ಬೀದಿಗೆ ಬೀಳುವುದಿಲ್ಲ.

ನಯನಾಜೂಕಿನ ವೈನ್ ಪಂಡಿತರಿಗೆ ಮಾತ್ರ ಈ ಹಣ್ಣು ಹಿಡಿಸದು. ಇದು ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಕೂಡಿದ ಮಿಶ್ರ ತಳಿ. ಹೊರದೇಶದಲ್ಲಿ ಇಸಾಬೆಲ್ಲಾ ಎಂದು ಹೆಸರು. ಅದರ ಘಮ ತೀರ ಗಾಢ, ಅವರ ಬಾಯಲ್ಲಿ ಅದು ‘ನರಿಯ ವಾಸನೆ’. ಫ್ರಾನ್ಸ್ ದೇಶ 1930ರ ದಶಕದಲ್ಲಿ ಇಸಾಬೆಲ್ಲಾ ಸೇರಿ ಆರು ಇಂಥ ತಳಿಗಳ ವೈನನ್ನೇ ನಿಷೇಧಿಸಿತು. ಅಲ್ಲಿ ನಿಷೇಧವಾದದ್ದಕ್ಕೆ ಇಲ್ಲಿ ಜಿ.ಐ. ಪಟ್ಟ! ನಗು ಬಂದರೂ ಇದರೊಳಗೆ ಒಂದು ತಿಳಿವಳಿಕೆಯಿದೆ.

ಆಸ್ಟ್ರಿಯಾ ದೇಶದಲ್ಲಿ ಹಂಗೇರಿಯ ಗಡಿಗೆ ಹತ್ತಿಕೊಂಡು ದಕ್ಷಿಣ ಬುರ್ಗೆನ್‌ಲಾಂಡ್ ಎಂಬ ಸಣ್ಣ ಸೀಮೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇರು ತಿನ್ನುವ ಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನೆಲ್ಲ ಹಾಳುಮಾಡಿದಾಗ ಅಲ್ಲಿನ ಬಡ ರೈತರು ಅಮೆರಿಕದ ತಳಿಗಳನ್ನು ತಂದು ಹಚ್ಚಿದರು. ಇಸಾಬೆಲ್ಲಾ ಅವುಗಳಲ್ಲಿ ಒಂದು. ಹೇನಿಗೆ ಅವು ಜಗ್ಗಲಿಲ್ಲ, ಔಷಧವನ್ನೂ ಹೆಚ್ಚು ಬೇಡಲಿಲ್ಲ. ಆ ಹಣ್ಣಿನಿಂದ ಮಾಡಿದ ಕಾಡು ಸ್ಟ್ರಾಬೆರಿಯ ಪರಿಮಳದ ವೈನಿಗೆ ‘ಊಡ್ಲರ್’ ಎಂದು ಹೆಸರು. ಸರಕಾರ ಅದರ ಮಾರಾಟಕ್ಕೆ ಬಹುಕಾಲ ಅಡ್ಡಿ ಮಾಡಿತು. ರೈತರು ಬಿಡಲಿಲ್ಲ, ಮನೆಯ ಮಟ್ಟಿಗೆ ಮಾಡಿ ಕುಡಿಯುತ್ತ ಬಳ್ಳಿಯನ್ನು ಉಳಿಸಿಕೊಂಡರು. 1992ರಲ್ಲಿ ಕೆಲವೇ ಹಳ್ಳಿಗಳ ಮಟ್ಟಿಗೆ ಮಾರಾಟಕ್ಕೆ ಅನುಮತಿ ದೊರೆಯಿತು. ಹಿಂದೆ ಹೀಗಳೆಯುತ್ತಿದ್ದ ಪಾನೀಯವನ್ನು ಕೊಳ್ಳಲಿಕ್ಕೆಂದೇ ಈಗ ಆ ಹಳ್ಳಿಗಳಿಗೆ ಜನ ಹೋಗುತ್ತಾರೆ. ಫ್ರಾನ್ಸಿನ ನಕಲು ಮಾಡಿದ್ದರೆ ಆ ಸೀಮೆಯ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ.

ಜಾರ್ಜಿಯಾ ದೇಶದವರದೂ ಹೀಗೆಯೇ ತಮ್ಮದೇ ದಾರಿ. ಅಲ್ಲಿ ದೊಡ್ಡ ಮಣ್ಣಿನ ಹರವಿಗಳ ಒಳಗೆ ಜೇನುಮೇಣ ಸವರಿ ಕುತ್ತಿಗೆಯವರೆಗೆ ನೆಲದಲ್ಲಿ ಹೂಳುತ್ತಾರೆ. ನಮ್ಮ ಹಿರಿಯರು ಜೋಳಕ್ಕೆ ಹಗೇವು ತೆಗೆಯುತ್ತಿದ್ದರಲ್ಲ, ಆ ರೀತಿ. ದ್ರಾಕ್ಷಿಯನ್ನು ತುಳಿದು ರಸ, ಸಿಪ್ಪೆ, ಬೀಜ ಕೂಡಿಯೇ ಅದರಲ್ಲಿ ಸುರಿದು, ಬಾಯಿ ಮುಚ್ಚಿ, ತಿಂಗಳುಗಟ್ಟಲೆ ಬಿಡುತ್ತಾರೆ. ನೆಲದೊಳಗೆ ಸೆಕೆಯೂ ಇಲ್ಲ, ಚಳಿಯೂ ಇಲ್ಲ. ಸಾವಿರಾರು ವರ್ಷಗಳಿಂದ ಬಂದ ಈ ಪದ್ಧತಿಯನ್ನು 2013ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಗೇವುಗಳನ್ನು ನಾವು ಮಣ್ಣು ತುಂಬಿ ಮುಚ್ಚಿದೆವು, ಇರಲಿ.

ಮಾವಿನ ರಸದ ಲೆಕ್ಕ

ಈಗ ಮೊದಲು ಹಿಡಿದಿಟ್ಟ ಮಾತಿಗೆ ಬರೋಣ. ತಡಸ, ಹಾನಗಲ್ಲ ಸೀಮೆಯದೇ ಆದ ಹಣ್ಣು ಯಾವುದು? ಕಾಬರ್ನೆಯಂತೂ ಅಲ್ಲ. ಮಾವು. ಅದು ಈಗಾಗಲೇ ಹೊಲದಲ್ಲಿದೆ, ಮಳೆ ತಾಳುತ್ತದೆ, ಕಂಬ ತಂತಿ ಬೇಡುವುದಿಲ್ಲ. ಹಣ್ಣಾಗಿ ಮಾರಬಹುದು, ತಿರುಳಾಗಿ ಮಾರಬಹುದು, ಉಪ್ಪಿನಕಾಯಿಗೂ ಹೋಗುತ್ತದೆ. ಅದರಿಂದ ವೈನ್ ಆಗುತ್ತದೆಯೇ?

ಆಗುತ್ತದೆ, ಇದು ಹೊಸ ಶೋಧವೇನಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಾವಿನ ತಳಿಗಳನ್ನು ವೈನಿಗಾಗಿ ಒರೆಗೆ ಹಚ್ಚಿದ ವರದಿಗಳು 1980ರಲ್ಲೂ 1984ರಲ್ಲೂ ಪ್ರಕಟವಾಗಿವೆ. 1984ರ ಕೆಲಸದಲ್ಲಿ ಊಟದ ನಂತರ ಕುಡಿಯುವ ಸಿಹಿ ವೈನಿನ ಜೊತೆಗೆ ಮಡೀರಾ ಮಾದರಿಯದನ್ನೂ ಮಾಡಿ ನೋಡಿದರು. ಮಡೀರಾ ಎಂದರೆ ಅಟ್ಲಾಂಟಿಕ್ ಸಮುದ್ರದಲ್ಲಿರುವ ಪೋರ್ಚುಗಲ್ಲಿನ ಒಂದು ದ್ವೀಪ. ಹಿಂದೆ ಅಲ್ಲಿಯ ವೈನ್ ಹಡಗಿನ ಹೊಟ್ಟೆಯಲ್ಲಿ ಉಷ್ಣ ಸೀಮೆಗಳನ್ನು ದಾಟಿ ಬರುವಾಗ ಬಿಸಿಗೆ ಕಾದು, ಕೆಡುವ ಬದಲು ರುಚಿಯೇರಿತು. ಅಂದಿನಿಂದ ಅದನ್ನು ಬೇಕೆಂದೇ ಬೆಚ್ಚಗಿಟ್ಟು ಮಾಗಿಸುತ್ತಾರೆ. ಉಪ್ಪಿನಕಾಯಿ ಜಾಡಿಯನ್ನು ಮಾಳಿಗೆಯ ಬಿಸಿಲಿಗಿಡುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಕೆಯ ನಾಡಿಗೆ ಒಗ್ಗುವ ವಿದ್ಯೆ ಅದು. ಅಂಥ ಕೆಲಸ ನಮ್ಮದೇ ರಾಜ್ಯದಲ್ಲಿ ನಲವತ್ತು ವರ್ಷಗಳ ಹಿಂದೆ ನಡೆದಿದ್ದರೂ ಮಾವು ಬೆಳೆಯುವ ತಾಲೂಕುಗಳವರೆಗೆ ಅದರ ಸುದ್ದಿ ಬಂದದ್ದು ಕಡಿಮೆ. ಕಪಾಟಿನಲ್ಲಿ ಕೂತ ಜ್ಞಾನದಿಂದ ಹೊಲಕ್ಕೇನು ಲಾಭ?

ಕೆಲಸದ ಬಗೆ ಹೀಗಿದೆ. ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ. ರಸದ ಸಿಹಿಯನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಆ ಅಂಕೆಯ ಅರ್ಧಕ್ಕಿಂತ ತುಸು ಹೆಚ್ಚು ಶೇಕಡಾ ಮದ್ಯಸಾರ ಬರುತ್ತದೆಂದು ತಿಳಿಯಬಹುದು. 22 ಬ್ರಿಕ್ಸ್ ಇದ್ದರೆ ಶೇ 12ರ ಸುಮಾರು. ಚೆನ್ನಾಗಿ ಮಾಗಿದ ಆಪೂಸಿನ ತಿರುಳು 18 ಬ್ರಿಕ್ಸ್ ಇದೆ ಎನ್ನೋಣ. ಒಂದು ಕ್ವಿಂಟಲ್ ತಿರುಳನ್ನು 22ಕ್ಕೆ ಏರಿಸಲು ಸುಮಾರು 5 ಕಿಲೋ ಸಕ್ಕರೆ ಬೇಕು. ಒಂದು ಟನ್ ಹಣ್ಣಿನಿಂದ ಸಿಪ್ಪೆ, ಗೊರಟೆ ಕಳೆದರೆ ತಿರುಳು ಅರ್ಧ ಟನ್ನಿನ ಆಚೀಚೆ ಸಿಗುತ್ತದೆ.

ದ್ರಾಕ್ಷಿಯನ್ನು ಹಿಂಡಿದರೆ ರಸ ಹರಿಯುತ್ತದೆ. ಮಾವಿನದು ಗಟ್ಟಿ ತಿರುಳು. ಅದರಲ್ಲಿರುವ ಪೆಕ್ಟಿನ್ ಎಂಬ ಅಂಟು ರಸವನ್ನು ಬಿಟ್ಟುಕೊಡುವುದಿಲ್ಲ. ಅದನ್ನು ಒಡೆಯಲು ಪೆಕ್ಟಿನೇಸ್ ಎಂಬ ಕಿಣ್ವ ಹಾಕಬೇಕಾಗುತ್ತದೆ. ಪೆಕ್ಟಿನ್ ಒಡೆಯುವಾಗ ಅಲ್ಪ ಪ್ರಮಾಣದಲ್ಲಿ ಮೆಥನಾಲ್ ಎಂಬ ವಿಷವಸ್ತುವೂ ಬಿಡುಗಡೆಯಾಗುವುದರಿಂದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಹಣ್ಣಿನ ವೈನನ್ನು ಯಾರ ಬಾಯಿಗೂ ಕೊಡಬಾರದು. ಅದನ್ನು ಭಟ್ಟಿ ಇಳಿಸುವ ಯೋಚನೆಯನ್ನಂತೂ ಕನಸಿನಲ್ಲೂ ಮಾಡಬೇಡಿ.

ಎರಡನೆಯ ತೊಡಕು ಸೆಕೆ. ನಮ್ಮ ಮಾವು ಹಣ್ಣಾಗುವುದು ಏಪ್ರಿಲ್-ಮೇ ತಿಂಗಳ ಉರಿಯಲ್ಲಿ. ರಸ ಹುದುಗುವಾಗ ತಾನೂ ಬಿಸಿಯಾಗುತ್ತದೆ. ಬಿಸಿ 35 ಡಿಗ್ರಿಯ ಮೇಲೇರಿದರೆ ಯೀಸ್ಟ್ ಬಳಲಿ ನಿಲ್ಲುತ್ತದೆ, ಸಿರ್ಕಾ ಮಾಡುವ ಸೂಕ್ಷ್ಮಾಣುಗಳು ಸೇರಿಕೊಳ್ಳುತ್ತವೆ. ಆದ್ದರಿಂದಲೇ ವೈನರಿಗಳಲ್ಲಿ ತಂಪು ನೀರು ಸುತ್ತುವ ಸ್ಟೀಲ್ ಟಾಕಿಗಳು. ಸಣ್ಣವರಿಗೆ ಇರುವ ಉಪಾಯವೆಂದರೆ ತಿರುಳನ್ನು ಆಗಲೇ ಬಿಸಿ ಮಾಡಿ ಡಬ್ಬಿಗೆ ತುಂಬಿಸಿ ಇಲ್ಲವೆ ಹೆಪ್ಪುಗಟ್ಟಿಸಿ ಇಟ್ಟು, ತಂಪುಗಾಲದಲ್ಲಿ ಹುದುಗಿಸುವುದು. ದ್ರಾಕ್ಷಿಯವನಿಗೆ ಇಲ್ಲದ ಅನುಕೂಲ ಇದು. ತಿರುಳು ಕಾಯುತ್ತದೆ. ನಡುವೆ ಒಳ್ಳೆಯ ದರ ಬಂದರೆ ತಿರುಳಾಗಿಯೇ ಮಾರಿಬಿಡಬಹುದು.

ಆಪೂಸಿಗೆ ಇನ್ನೊಂದು ಪೀಡೆಯಿದೆ. ಹೊರಗೆ ಚೆಂದ, ಒಳಗೆ ಗೊರಟೆಯ ಸುತ್ತ ಬಿಳಿಚಿ ಸ್ಪಂಜಿನಂತಾಗಿ ಹುಳಿ ನಾರುವುದು. ಕೊಯ್ದು ನೋಡದೆ ತಿಳಿಯದು. ಪೆಟ್ಟಿಗೆಯ ವ್ಯಾಪಾರದಲ್ಲಿ ಇದು ಹೆಸರು ಕೆಡಿಸುತ್ತದೆ. ತಿರುಳಿನ ಕೆಲಸದಲ್ಲಿ ಹಣ್ಣನ್ನು ಹೇಗೂ ಕೊಯ್ಯುತ್ತೇವಾದ್ದರಿಂದ ಆ ಭಾಗ ತೆಗೆದುಹಾಕಿ ಉಳಿದದ್ದನ್ನು ಬಳಸಬಹುದು. ಗಾತ್ರ ಸಣ್ಣದೆಂದು ದಲಾಲರು ಬೇರ್ಪಡಿಸುವ ಹಣ್ಣೂ ಇಲ್ಲಿ ಸಲ್ಲುತ್ತದೆ. ಗಾಳಿಗೆ ಉದುರಿದ ಎಳೆಗಾಯಿ ಮಾತ್ರ ಬೇಡ, ಅದರಲ್ಲಿ ಸಕ್ಕರೆಯಿಲ್ಲ.

ಪರವಾನಿಗೆಯ ಮಾತು

ಇಷ್ಟು ಓದಿ ಈ ಬೇಸಿಗೆಗೇ ಹರವಿ ತೊಳೆದಿಡಲು ಹೊರಟವರು ತುಸು ನಿಲ್ಲಬೇಕು. ಪರವಾನಿಗೆ ಇಲ್ಲದೆ ಮದ್ಯ ತಯಾರಿಸಿ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅದು ವೈನಾದರೇನು, ಮನೆಯದಾದರೇನು. ರಾಜ್ಯದಲ್ಲಿ ವೈನ್ ತಯಾರಿಕೆಗೆ 1968ರಲ್ಲಿ ಬಂದ ನಿಯಮಗಳ ಹೆಸರೇ ‘ದ್ರಾಕ್ಷಿಯಿಂದ ವೈನ್ ತಯಾರಿಕೆ’ ಎಂದಿದೆ. ಆದ್ದರಿಂದ ಬೇರೆ ಹಣ್ಣಿನ ವೈನಿಗೆ ಇಂದು ಯಾವ ಪರವಾನಿಗೆ, ಎಷ್ಟು ಶುಲ್ಕ, ಯಾವ ಷರತ್ತು ಎಂಬುದನ್ನು ಹಾವೇರಿಯ ಅಬಕಾರಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಬಾಯಿಮಾತಿನ ಆಶ್ವಾಸನೆ ನಂಬಿ ಟಾಕಿ ಕೂಡಿಸಬೇಡಿ.

ಗೋವೆಯವರು ಈ ದಾರಿಯಲ್ಲಿ ನಮಗಿಂತ ಮುಂದಿದ್ದಾರೆ. ಗೋಡಂಬಿ ಹಣ್ಣಿನ ಫೆನಿ ವೈನಲ್ಲ, ಭಟ್ಟಿ ಇಳಿಸಿದ ಮದ್ಯ. ಆದರೆ ಅದೂ ಹಳ್ಳಿಯ ಸಣ್ಣ ಸಣ್ಣ ಭಟ್ಟಿಗಳದೇ ಸರಕು. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ದೊರೆಯಿತು. 2016ರಲ್ಲಿ ಗೋವಾ ಸರಕಾರ ಅದನ್ನು ತನ್ನ ಪರಂಪರೆಯ ಪಾನೀಯವೆಂದು ಸಾರಿತು. ಬೀಜ ತೆಗೆದ ಮೇಲೆ ಮರದಡಿ ಕೊಳೆಯುವ ಹಣ್ಣಿಗೆ ಅಲ್ಲಿ ಬೆಲೆಯಿದೆ. ಹಣ್ಣು ಬೆಳೆದವರು ಒಟ್ಟಾಗಿ ಹೆಸರಿಗಾಗಿ ಅರ್ಜಿ ಹಾಕದಿದ್ದರೆ ಸರಕಾರ ತಾನಾಗಿ ಬಂದು ಕೊಡುವುದಿಲ್ಲ. ನಮ್ಮ ನೆರೆಯ ಶಿರಸಿ ಸೀಮೆಯ ಅಪ್ಪೆಮಿಡಿಗೆ ಜಿ.ಐ. ಬಂದಿದೆ, ಬ್ಯಾಡಗಿಗೆ ಬಂದಿದೆ. ನಡುವೆ ಇರುವ ಹಾನಗಲ್ಲ, ಶಿಗ್ಗಾಂವದ ಮಾವು ಹೆಸರಿಲ್ಲದೆ ಲಾರಿ ಹತ್ತುತ್ತಿದೆ.

ಒಬ್ಬೊಬ್ಬರೇ ಮಾಡುವ ಕೆಲಸ ಇದಲ್ಲ. ತೋಪುಳ್ಳ ಇಪ್ಪತ್ತು ಮೂವತ್ತು ಜನ ಕೂಡಿ ರೈತ ಉತ್ಪಾದಕ ಸಂಸ್ಥೆಯ ಮೂಲಕ ಮೊದಲು ತಿರುಳಿನ ಘಟಕ ಮಾಡುವುದು ಕ್ಷೇಮ. ತಿರುಳಿಗೆ ಅಬಕಾರಿ ಪರವಾನಿಗೆ ಬೇಡ. ಅದರಲ್ಲಿ ಕೈ ಕುದುರಿ, ಲೆಕ್ಕ ಗಟ್ಟಿಯಾಗಿ, ಕಾಯಂ ಗಿರಾಕಿ ಸಿಕ್ಕ ಮೇಲೆ ವೈನಿನ ಮಾತು. ವೈನ್ ಬೇಡವೆನ್ನುವವರು ಅದೇ ತಿರುಳನ್ನು ಹುದುಗಿಸಿ ಸಿರ್ಕಾ ಮಾಡುವ ದಾರಿಯನ್ನು ವಿಚಾರಿಸಬಹುದು. ಅದಕ್ಕೂ ಯಾವ ಅನುಮತಿ ಬೇಕೆಂದು ಮೊದಲೇ ಕೇಳಿಕೊಳ್ಳಿ.

ಸಲಹೆಗೆ ದೂರ ಹೋಗಬೇಕಿಲ್ಲ. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಆಹಾರ ತಂತ್ರಜ್ಞಾನದ ಕಾಲೇಜು ಹಾವೇರಿ ಬಳಿಯ ದೇವಿಹೊಸೂರಿನಲ್ಲೇ ಇದೆ. ರಾಣೆಬೆನ್ನೂರ ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತಿರುಳಿನ ಘಟಕದ ಯಂತ್ರಗಳ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ ಬರೆದು ಕೇಳಬಹುದು.

ಅಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಈ ಹಂಗಾಮಿನಲ್ಲಿ ನಿಮ್ಮ ತೋಪಿನ ಐದು ಮರಗಳಿಗೆ ಸುಣ್ಣದಿಂದ ಗುರುತು ಹಾಕಿ. ಪ್ರತಿ ಮರದ ಹತ್ತು ಹಣ್ಣುಗಳನ್ನು ಹುಲ್ಲಿನಲ್ಲಿ ಮಾಗಿಸಿ, ಕಾರ್ಬೈಡ್ ಮುಟ್ಟಿಸದೆ, ರಿಫ್ರಾಕ್ಟೋಮೀಟರಿನಲ್ಲಿ ಬ್ರಿಕ್ಸ್ ನೋಡಿ. ಆ ಸಣ್ಣ ಉಪಕರಣ ದ್ರಾಕ್ಷಿ ಬೆಳೆಗಾರರ ಕೈಯಲ್ಲಿ ಇರುತ್ತದೆ, ಬೆಲೆ ಭಾರಿಯೇನಲ್ಲ. ನಾಲ್ಕು ಜನ ಕೂಡಿ ಒಂದು ಕೊಂಡರೆ ಸಾಕು. ಹಣ್ಣಿನ ತೂಕ, ತಿರುಳಿನ ತೂಕ, ಹತ್ತರಲ್ಲಿ ಎಷ್ಟು ಹಣ್ಣು ಒಳಗೆ ಸ್ಪಂಜಾಗಿದ್ದವು, ಮಳೆ ಎಂದು ಬಿತ್ತು, ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಿ. ಮುಂದಿನ ಸಲ ಹೂವು ಕಾಣುತ್ತಲೇ ಗುತ್ತಿಗೆದಾರ ಬಂದು ಇಡೀ ತೋಪಿಗೆ ಒಂದೇ ಮೊತ್ತ ಹೇಳುವಾಗ ಆ ವಹಿ ನಿಮ್ಮ ತೊಡೆಯ ಮೇಲಿರಲಿ.